ಟವಲ್ಲಿನ ಕೆಳಗಿನ ಕೈ

ದನದ ಸಂತೆ ಕೂಡುವ ಊರು ಅದು. ಆ ಊರಿಗೆ ಒಬ್ಬ ಸಾಹುಕಾರ ದಲ್ಲಾಳಿ. ಹೆಸರು ಬೇಡ. ಹೆಸರು ಹೇಳಿದರೆ ನೀವು ಮನೆಗೆ ಹೋಗುವ ದಾರಿಯಲ್ಲಿ ಆ ಹೆಸರಿನವನನ್ನು ಹುಡುಕುತ್ತೀರಿ, ನಿಮ್ಮನ್ನು ನೀವು ಹುಡುಕುವುದಿಲ್ಲ. ಪ್ರವಚನದಲ್ಲಿ ಬರುವ ಸಾಹುಕಾರನಿಗೆ ಸಾಮಾನ್ಯವಾಗಿ ಏನಾದರೊಂದು ಕೊರತೆ ಇರುತ್ತದೆ. ಮಕ್ಕಳಿರುವುದಿಲ್ಲ, ಇಲ್ಲವೇ ನಿದ್ದೆ ಬರುವುದಿಲ್ಲ. ಇವನಿಗೆ ಅಂಥದ್ದೇನೂ ಇರಲಿಲ್ಲ. ಉಂಡದ್ದು ಅರಗುತ್ತಿತ್ತು, ಮಲಗಿದರೆ ನಿದ್ದೆ ಬರುತ್ತಿತ್ತು, ಎರಡೂ ಕೈ ನೆಟ್ಟಗಿದ್ದವು. ಇಷ್ಟೆಲ್ಲ ಇದ್ದವನು ಕೈ ಕಳೆದುಕೊಂಡವನೊಬ್ಬನ ಕೈಯ ಮೇಲೆ ಹೊಟ್ಟೆಕಿಚ್ಚು ಪಟ್ಟ.

ನಗಬೇಡಿ. ಮೊನ್ನೆ ನಿಮ್ಮಲ್ಲೇ ಒಬ್ಬರು ಎದ್ದು ನಿಂತು ಕೇಳಿದಿರಲ್ಲ, ‘ಮನುಷ್ಯನ ಮೈಯೊಳಗೆ ಯಂತ್ರ ಕೂಡಿಸುತ್ತಾರಂತೆ, ತಲೆಯೊಳಗೆ ಚಿಪ್ ಇಡುತ್ತಾರಂತೆ, ಮುಂದೆ ಮುಪ್ಪೂ ಇಲ್ಲ ಸಾವೂ ಇಲ್ಲವಂತೆ, ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ’ ಎಂದು. ಅದಕ್ಕೇ ಈ ಕಥೆ ಹೇಳುತ್ತಿದ್ದೇನೆ.

ದನದ ಸಂತೆಯಲ್ಲಿ ವ್ಯವಹಾರ ಹೇಗೆ ನಡೆಯುತ್ತದೆ ಎಂಬುದು ಇಲ್ಲಿರುವ ಹಿರಿಯರಿಗೆ ಗೊತ್ತು. ಹಿಂದೆ ಕೂತ ಕಾಲೇಜು ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಮಾರುವವನ ಪರವಾಗಿ ಒಬ್ಬ ದಲ್ಲಾಳಿ, ಕೊಳ್ಳುವವನ ಪರವಾಗಿ ಇನ್ನೊಬ್ಬ. ಇಬ್ಬರೂ ಎದುರುಬದುರು ಕೂತು ಕೈ ಚಾಚುತ್ತಾರೆ, ಮೇಲೆ ಒಂದು ಟವಲ್ಲು ಬೀಳುತ್ತದೆ. ಬಾಯಲ್ಲಿ ಬೆಲೆಯ ಮಾತಿಲ್ಲ. ಬಾಯಿ ಮಳೆಯ ಸುದ್ದಿ, ಬೀಗರ ಸುದ್ದಿ ಆಡುತ್ತಿರುತ್ತದೆ. ಟವಲ್ಲಿನ ಕೆಳಗೆ ಬೆರಳು ಮಾತಾಡುತ್ತದೆ. ಒಂದು ಬೆರಳು ಹಿಡಿದರೆ ಒಂದು ಲೆಕ್ಕ, ಎರಡು ಹಿಡಿದರೆ ಮತ್ತೊಂದು, ಗೆಣ್ಣು ಒತ್ತಿದರೆ ಅರ್ಧ. ಸುತ್ತ ಸಂತೆಯೇ ನಿಂತಿದ್ದರೂ ಎಷ್ಟಕ್ಕೆ ಆಯಿತೆಂದು ಯಾರಿಗೂ ತಿಳಿಯುವುದಿಲ್ಲ.

ನಮ್ಮ ಸಾಹುಕಾರ ಈ ವಿದ್ಯೆಯಲ್ಲಿ ಪಳಗಿದವನು. ಬೆರಳು ಹಿಡಿಯುವುದು ಎಲ್ಲರಿಗೂ ಬರುತ್ತದೆ. ಇವನಿಗೆ ಅದಕ್ಕಿಂತ ಹೆಚ್ಚು ಬರುತ್ತಿತ್ತು. ಎದುರಿನವನ ಅಂಗೈ ಬೆವರಿತೋ, ಬೆರಳ ತುದಿ ತಣ್ಣಗಾಯಿತೋ, ಮಣಿಕಟ್ಟಿನಲ್ಲಿ ನಾಡಿ ಓಡಿತೋ, ಅಷ್ಟರಲ್ಲೇ ಅವನು ಎಲ್ಲಿಯವರೆಗೆ ಇಳಿಯುತ್ತಾನೆ ಎಂಬುದನ್ನು ತಿಳಿಯುತ್ತಿದ್ದ. ಆ ಸಂತೆಯಲ್ಲಿ ಒಂದು ಪದ್ಧತಿ ಇತ್ತು. ವರ್ಷದ ಮೊದಲ ಸಂತೆಯ ದಿನ, ಎಲ್ಲಕ್ಕಿಂತ ಒಳ್ಳೆಯ ಜೋಡಿ ಎತ್ತು ತಂದ ರೈತ ತನಗೆ ಬೇಕಾದ ದಲ್ಲಾಳಿಯ ಹೆಗಲ ಮೇಲಿನ ಟವಲ್ಲು ಎಳೆಯುತ್ತಾನೆ. ಯಾರ ಟವಲ್ಲು ಎಳೆದನೋ ಅವನು ಆ ವರ್ಷ ಸಂತೆಗೆ ಹಿರಿಯ. ಜಗಳವಾದರೆ ಅವನ ಮಾತೇ ಕೊನೆ. ಸಾಹುಕಾರನ ಅಪ್ಪನ ಕಾಲದಿಂದ ಆ ಟವಲ್ಲು ಆ ಮನೆಯ ಹೆಗಲು ಬಿಟ್ಟು ಹೋಗಿರಲಿಲ್ಲ. ಅವನಿಗೆ ಜೀವನದಲ್ಲಿ ಬೇಕಾದದ್ದು ಅದೊಂದೇ.

ಅದೇ ಸಂತೆಯಲ್ಲಿ ಒಬ್ಬ ಕಿರಿಯ ದಲ್ಲಾಳಿ ಇದ್ದ. ಕುರಿ, ಹೋತ, ಮುದಿ ಎಮ್ಮೆ, ಇಂಥವೇ ಅವನ ಪಾಲಿಗೆ ಬರುತ್ತಿದ್ದವು. ಒಂದು ದಿನ ಮೇವು ಕತ್ತರಿಸುವ ಮಷಿನ್ನಿಗೆ ಅವನ ಬಲಗೈ ಸಿಕ್ಕಿತು. ಮಣಿಕಟ್ಟಿನವರೆಗೆ ಹೋಯಿತು. ಸಾಹುಕಾರ ಸುದ್ದಿ ಕೇಳಿದವನೇ ಬಾಳೆಹಣ್ಣು ತೆಗೆದುಕೊಂಡು ಆಸ್ಪತ್ರೆಗೆ ಓಡಿದ.

“ಅಂಜಬ್ಯಾಡೋ ತಮ್ಮಾ,” ಎಂದ. “ನಾ ಅದೀನಿ. ನನ್ನ ಅಂಗಳದಾಗ ಕುಂಡ್ರು, ದನಕ್ಕ ನೀರು ತೋರಿಸಿಕೋತ ಇರು, ನಿನ್ನ ಹೊಟ್ಟಿಗೆ ನಾ ಹಾಕ್ತೀನಿ.”

“ದೊಡ್ಡ ಮನಸ್ಸು ನಿಮ್ದು ಸಾವಕಾರ್ರ.”

ಸಾಹುಕಾರನ ಕಣ್ಣಲ್ಲಿ ನೀರು ಬಂತು. ಸುಳ್ಳು ನೀರಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಕಣ್ಣಲ್ಲೂ ಇಂಥ ನೀರು ಬರುತ್ತದೆ, ಅದೂ ಸುಳ್ಳಲ್ಲ. ಬಿದ್ದವನನ್ನು ಕಂಡರೆ ನಮಗೆ ಮರುಕ ಬರುತ್ತದೆ. ಎಲ್ಲಿಯವರೆಗೆ? ಅವನು ಬಿದ್ದಿರುವವರೆಗೆ.

ಕೆಲವು ತಿಂಗಳಾದವು. ಪಟ್ಟಣದ ಯಾವುದೋ ಒಂದು ಸಂಸ್ಥೆಯವರು ಆ ಕಿರಿಯವನಿಗೆ ಒಂದು ಕೈ ಮಾಡಿಸಿ ಕೊಟ್ಟರು. ಅಂಗಡಿಯ ಗೊಂಬೆಗೆ ಇರುವಂಥ ಮರದ ಕೈ ಅಲ್ಲ. ಮುಂದೋಳಿನ ಸ್ನಾಯು ಬಿಗಿ ಹಿಡಿದರೆ ಬೆರಳು ಮಡಚುವ, ಸಡಿಲ ಬಿಟ್ಟರೆ ಬಿಚ್ಚುವ ಕೈ. ಅವನು ಆ ಕೈ ಹಾಕಿಕೊಂಡು ಸಂತೆಗೆ ಬಂದ ದಿನ ಎತ್ತುಗಳನ್ನು ನೋಡುವವರೇ ಇಲ್ಲ. ಎಲ್ಲರೂ ಅವನ ಸುತ್ತ.

“ಲೇ, ಒಂದು ಕಪ್ ಚಾ ಹಿಡದ ತೋರ್ಸೋ.”

“ಚಾ ರೊಕ್ಕ ಕೊಡಾಂವ ಯಾಂವ?”

“ಎಲ್ಲಾರೂ ಕೊಡ್ತೀವಿ, ಹಿಡಿ ನೀ ಮೊದಲ.”

ಹಿಡಿದ. ಕಪ್ಪು ಅಲುಗಲಿಲ್ಲ. ಹೋ ಎಂದು ಕೂಗಿದರು. ಒಬ್ಬ ಮುದುಕ ಮುಂದೆ ಬಂದು ಆ ಬೆರಳುಗಳನ್ನು ಮುಟ್ಟಿ ನೋಡಿ, “ಇದಕ್ಕ ಉಗುರು ತಗಿಯೂ ತ್ರಾಸಿಲ್ಲ ನೋಡಪಾ” ಎಂದ. ಜನ ಬಿದ್ದು ಬಿದ್ದು ನಕ್ಕರು. ಕಿರಿಯವನೂ ನಕ್ಕ. ಸಾಹುಕಾರನೂ ಹಲ್ಲು ಬಿಟ್ಟ. ಆದರೆ ಎದೆಯೊಳಗೆ ಏನೋ ಒಂದು ಚೂರು ಚುಚ್ಚಿತು. ಏನದು? ಅವನಿಗೇ ತಿಳಿಯಲಿಲ್ಲ. ಬಿಸಿಲು ಹತ್ತಿತೆಂದು ಮನೆಗೆ ಹೋದ.

ಮುಂದಿನ ಸಂತೆಗಳಲ್ಲಿ ಕಿರಿಯವನು ದಲ್ಲಾಳಿ ಕೆಲಸಕ್ಕೇ ಕೂತ. ಕುರಿಯಿಂದ ಹಸುವಿಗೆ ಬಂದ, ಹಸುವಿನಿಂದ ಎತ್ತಿಗೆ ಬಂದ. ಅವನ ಟವಲ್ಲಿನ ಕೆಳಗೆ ಮಾರುವವನಿಗೆ ಒಳ್ಳೆಯ ಬೆಲೆ ಬರುತ್ತದೆ ಎಂಬ ಸುದ್ದಿ ಹಬ್ಬಿತು. ಜನರಿಗೆ ಕಾರಣ ಬೇಕಲ್ಲ, ಕಾರಣವನ್ನೂ ಕಟ್ಟಿದರು.

“ಕಬ್ಬಿಣದ ಕೈ ಅದು. ಬೆವರಂಗಿಲ್ಲ, ನಡಗಂಗಿಲ್ಲ. ಎದುರಿನ ದಲಾಲಗ ಏನ್ ತಿಳಿಬೇಕು?”

“ನಮ್ಮ ಸಾವಕಾರ್ರಗೂ ತಿಳಿಯಾಂಗಿಲ್ಲೇನು?”

“ಅವರ ಕೈ ಮನಷ್ಯಾರ ಕೈ ಅಲ್ಲೇನೋ ಮಾರಾಯಾ!”

ಈ ಮಾತು ಸಾಹುಕಾರನ ಕಿವಿಗೆ ಬಿತ್ತು. ಅವತ್ತಿನಿಂದ ಅವನು ಕಿರಿಯವನಿದ್ದ ಕಡೆಗೆ ಹಾಯಲಿಲ್ಲ. ಅವನ ಎದುರು ಒಮ್ಮೆಯೂ ವ್ಯವಹಾರಕ್ಕೆ ಕೂರಲಿಲ್ಲ. ಅವನು ಸಂತೆಯ ಈ ತುದಿಗಿದ್ದರೆ ಇವನು ಆ ತುದಿಗೆ. ಕಣ್ಣು ಮಾತ್ರ ಅಲ್ಲೇ. ದೂರದಿಂದ ನೋಡುತ್ತಿದ್ದ. ಆ ಕೈ ಹಗ್ಗ ಹಿಡಿದದ್ದು ನೋಡಿದ. ಎತ್ತಿನ ಮೂಗುದಾರ ಹಿಡಿದದ್ದು ನೋಡಿದ. ಜನ ಅವನಿಗೆ ಮೊದಲು ಚಹಾ ಕೊಡುವುದನ್ನು ನೋಡಿದ. ಆ ಕೈಯನ್ನು ಫೋನಿನ ಹಾಗೆ ಚಾರ್ಜಿಗೆ ಹಾಕುತ್ತಾನಂತೆ ಎಂದು ಯಾರೋ ಹೇಳಿದಾಗ ಅದರ ಮೇಲೂ ಕಿಚ್ಚು ಬಂತು. ನನ್ನ ಕೈ ದಣಿದರೆ ಎಲ್ಲಿ ಚುಚ್ಚಲಿ? ತನ್ನ ಕೈ ನೋಡಿಕೊಂಡ. ಬೆಳ್ಳಗಾದ ರೋಮ, ಉಬ್ಬಿದ ನರ, ಬಿರಿದ ಅಂಗೈ. ಜೀವಮಾನದಲ್ಲಿ ಮೊದಲ ಸಲ ತನ್ನ ಕೈ ಅವನಿಗೆ ಹೊಲಸಾಗಿ ಕಂಡಿತು. ಬಾಳೆಹಣ್ಣಿನ ನೆನಪಾಯಿತು. ಕೊಟ್ಟದ್ದಕ್ಕೆ ಈಗ ಸಂಕಟ. ಇವನಿಗೆ ಅಂಗಳದಲ್ಲಿ ಜಾಗ ಕೊಡುತ್ತೇನೆ ಎಂದೆನಲ್ಲ, ನನ್ನ ಅಂಗಳದಲ್ಲಿ ನೀರು ತೋರಿಸಬೇಕಾದವನು ನನ್ನ ಹೆಗಲ ಟವಲ್ಲಿಗೆ ಕೈ ಹಾಕಿದನಲ್ಲ!

ನೋಡಿ, ಇಲ್ಲಿ ಸ್ವಲ್ಪ ನಿಲ್ಲಿ. ಕೈ ಹೋದಾಗ ಕಣ್ಣೀರು ಹಾಕಿದ ಮನುಷ್ಯ, ಕೈ ಬಂದಾಗ ಉರಿಯುತ್ತಿದ್ದಾನೆ. ಈ ಎರಡರ ನಡುವೆ ಬದಲಾದದ್ದು ಏನು? ಕಿರಿಯವನು ಕೆಟ್ಟವನಾದನೇ? ಇಲ್ಲ. ಸಾಹುಕಾರನದನ್ನು ಕದ್ದನೇ? ಇಲ್ಲ. ಸಮಕ್ಕೆ ಬಂದ. ಅಷ್ಟೇ. ಕೆಳಗಿದ್ದವನು ನಮ್ಮ ಸಮಕ್ಕೆ ಬಂದರೆ ನಮಗೆ ಅವನು ನಮ್ಮನ್ನು ದಾಟಿದಂತೆ ಕಾಣುತ್ತದೆ. ನಮ್ಮ ಕಣ್ಣು ಹಾಗಿದೆ.

ಮನೆಯಲ್ಲಿ ಹೆಂಡತಿಗೆ ಹೇಳದೆ ಉಪಾಯವಿರಲಿಲ್ಲ. ಒಂದು ದಿನ ಊಟದ ಹೊತ್ತಿಗೆ ರೊಟ್ಟಿ ಮುರಿಯದೆ ಕೈಯನ್ನೇ ನೋಡುತ್ತ ಕೂತಿದ್ದ.

“ರೊಟ್ಟಿ ಆರಾಕತ್ತೈತ್ರಿ. ಕೈಯಾಗ ಏನ್ ಹಣೇಬಾರ ಓದಾಕತ್ತೀರೇನು?”

“ಅವನಂಥಾ ಕೈ ನನಗೂ ಬೇಕು.”

“ಯಾರಂಥಾದ್ದು?”

“ಅವನ. ಆ ಮಷಿನ್ ಕೈ.”

ಹೆಂಡತಿ ಪಲ್ಯದ ಸೌಟು ಕೆಳಗಿಟ್ಟಳು. “ನೆರಿಮನಿಯಾಕಿ ಬಂಗಾರದ ಬಳಿ ನೋಡಿ ನಾ ಒಂದ್ ಮಾತ ಅಂದಿದ್ದಕ್ಕ ನನಗ ವರ್ಷಗಟ್ಟಲೆ ಆಡಿಕೊಂಡ್ರಿ. ಆಕೀ ಕೈಯಾಗ ಬಳಿ ಇತ್ತು, ನಾ ಬಳಿ ಬೇಡಿದೆ. ನೀವು ಕೈ ಇಲ್ದಾವನ ಕೈ ಬೇಡಾಕತ್ತೀರಿ. ಯಾರ ಹುಚ್ಚರು?”

“ನಿನಗ ತಿಳಿಯಾಂಗಿಲ್ಲ.”

“ತಿಳದೈತ್ರಿ. ಅದಕ್ಕ ಹೇಳಾಕತ್ತೀನಿ, ರೊಟ್ಟಿ ತಿನ್ರಿ.”

ಅವನು ಪಟ್ಟಣಕ್ಕೆ ಹೋದ. ದೊಡ್ಡ ಡಾಕ್ಟರ ಮುಂದೆ ಕೂತು ಬಲಗೈ ಮೇಜಿನ ಮೇಲಿಟ್ಟ. ಡಾಕ್ಟರು ತಿರುಗಿಸಿ ಮುರುಗಿಸಿ ನೋಡಿದರು. “ಏನು ತೊಂದರೆ? ಕೈ ಚೆನ್ನಾಗಿದೆಯಲ್ಲ.”

“ಚಲೋ ಐತ್ರಿ. ತಗದ ಹಾಕಿ ಮಷಿನ್ನಿಂದು ಕೂಡಸ್ರಿ.”

ಡಾಕ್ಟರು ಕನ್ನಡಕ ತೆಗೆದರು. “ಯಜಮಾನರೇ, ನನ್ನ ಹತ್ತಿರ ಬರುವವರು ಅಳುತ್ತ ಬರುತ್ತಾರೆ. ಒಂದು ಬೆರಳಾದರೂ ಉಳಿಸಿ ಸರ್ ಎಂದು ಕಾಲು ಹಿಡಿಯುತ್ತಾರೆ. ನೀವು ಕೊಟ್ಟು ಹೋಗಲು ಬಂದಿದ್ದೀರಿ. ಎದ್ದು ಹೊರಡಿ, ಹೊರಗೆ ಸಾಲು ಇದೆ.”

ಹೊರಗೆ ಬಂದ. ನಿಜಕ್ಕೂ ಸಾಲು ಇತ್ತು. ಕೈ ಇಲ್ಲದವರು, ಕಾಲು ಇಲ್ಲದವರು. ಅವರನ್ನು ದಾಟಿ ಬರುವಾಗ ಅವನ ಮನಸ್ಸಿನಲ್ಲಿ ಬಂದ ಯೋಚನೆ ಹೇಳಲೇ? ‘ಇವರಿಗೆಲ್ಲ ಸಿಗುತ್ತದೆ, ನನಗಿಲ್ಲ.’ ಹೊಟ್ಟೆಕಿಚ್ಚು ಒಮ್ಮೆ ಹತ್ತಿದರೆ ಇಲ್ಲಿಯವರೆಗೆ ತರುತ್ತದೆ. ಆಸ್ಪತ್ರೆಯ ಸಾಲನ್ನು ನೋಡಿಯೂ ಅಸೂಯೆಪಡುವಂತೆ ಮಾಡುತ್ತದೆ.

ಆದರೆ ಅಸೂಯೆ ಇದ್ದ ಕಡೆ ಅಂಗಡಿಯೂ ಇರುತ್ತದೆ. ಅದೇ ಪಟ್ಟಣದಲ್ಲಿ ಇನ್ನೊಂದು ಗಾಜಿನ ಕಟ್ಟಡ. ಅಲ್ಲಿ ರೋಗಿಗಳಿಲ್ಲ. ಮೆತ್ತನೆಯ ಸೋಫಾ, ತಂಪು ಗಾಳಿ, ನಗುನಗುವ ಹುಡುಗ.

“ಸರ್, ಆಸ್ಪತ್ರೆಯವರು ಕೆಟ್ಟದ್ದನ್ನು ರಿಪೇರಿ ಮಾಡುತ್ತಾರೆ. ನಾವು ಚೆನ್ನಾಗಿರುವುದನ್ನು ಇನ್ನೂ ಚೆನ್ನಾಗಿ ಮಾಡುತ್ತೇವೆ. ಕೈ ಕತ್ತರಿಸುವ ಮಾತೇ ಇಲ್ಲ. ಮಣಿಕಟ್ಟಿನ ಚರ್ಮದ ಕೆಳಗೆ ಒಂದು ಸಣ್ಣ ಬಿಲ್ಲೆ ಇಡುತ್ತೇವೆ. ಅದು ನರವನ್ನು ಹಿಡಿತದಲ್ಲಿ ಇಡುತ್ತದೆ. ಬೆವರಿಲ್ಲ, ನಡುಕವಿಲ್ಲ. ನಿಮ್ಮ ಕೈ ಹಿಡಿದವರಿಗೆ ನಿಮ್ಮ ಮನಸ್ಸು ತಿಳಿಯುವುದೇ ಇಲ್ಲ.”

“ಕಬ್ಬಿಣದ ಕೈಯಂಗ?”

“ಅದಕ್ಕಿಂತ ಒಂದು ಹೆಜ್ಜೆ ಮುಂದೆ ಸರ್. ಸ್ವಲ್ಪ ಜೋಮು ಹಿಡಿದ ಹಾಗೆ ಅನ್ನಿಸಬಹುದು. ರೂಢಿಯಾಗುತ್ತದೆ. ನಾಳೆ ಎಲ್ಲರೂ ಹಾಕಿಸಿಕೊಳ್ಳುತ್ತಾರೆ, ಇವತ್ತು ನೀವು ಮೊದಲಿಗರು.”

ಎಷ್ಟು ಸರಿಯಾದ ಮಾತು ನೋಡಿ! ‘ನಿಮಗೆ ಒಳ್ಳೆಯದಾಗುತ್ತದೆ’ ಎನ್ನಲಿಲ್ಲ. ‘ನೀವು ಮೊದಲಿಗರು’ ಎಂದ. ಆ ಹುಡುಗ ಓದಿದ್ದು ಮನುಷ್ಯನ ಮೈಯನ್ನಲ್ಲ, ಹೊಟ್ಟೆಯ ಕಿಚ್ಚನ್ನು. ಸಾಹುಕಾರ ಅಲ್ಲೇ ಒಪ್ಪಿದ. ಬಲಗೈಗೆ ಮಾತ್ರ ಹಾಕಿಸಿದ. ಎಡಗೈಯಲ್ಲಿ ಯಾರಾದರೂ ವ್ಯವಹಾರ ಮಾಡುತ್ತಾರೆಯೇ? ಅದು ಅಪಶಕುನ.

ವರ್ಷದ ಮೊದಲ ಸಂತೆ ಬಂತು. ಒಳ್ಳೆಯ ಜೋಡಿ ಎತ್ತು ತಂದ ರೈತ ದಲ್ಲಾಳಿಗಳ ಸಾಲಿನ ಮುಂದೆ ನಡೆದು ಬಂದ. ಸಾಹುಕಾರ ಹೆಗಲು ಮುಂದೆ ಮಾಡಿ ನಿಂತ. ರೈತ ಅವನ ಮುಂದೆ ಒಂದು ಕ್ಷಣ ನಿಂತ, ತಲೆ ಬಗ್ಗಿಸಿದ, ದಾಟಿ ಹೋದ. ಹೋಗಿ ಕಿರಿಯವನ ಹೆಗಲ ಟವಲ್ಲು ಎಳೆದ. ಸಂತೆ ಒಮ್ಮೆ ಉಸಿರು ಬಿಟ್ಟಿತು. ಅಪ್ಪನ ಕಾಲದಿಂದ ಇದ್ದದ್ದು ಹೋಯಿತು.

ಸಾಹುಕಾರ ಸುಮ್ಮನಿರಲಿಲ್ಲ. ಕೊಳ್ಳಲು ಬಂದವನ ಕಡೆ ತಿರುಗಿ, “ನಿನ್ನ ಪರವಾಗಿ ನಾ ಕುಂಡ್ರತೀನಿ” ಎಂದ. ಅವನಿಗೆ ಒಂದೇ ಆಸೆ. ಸಂತೆಯೆಲ್ಲ ನೋಡುತ್ತಿರುವಾಗ ಆ ಕಬ್ಬಿಣದ ಕೈಯನ್ನು ತನ್ನ ಹೊಸ ಕೈಯಿಂದ ಸೋಲಿಸಬೇಕು. ರೈತ ತಪ್ಪು ಹೆಗಲಿನ ಟವಲ್ಲು ಎಳೆದ ಎಂದು ಊರು ಮಾತಾಡಬೇಕು. ಮುಂದಿನ ವರ್ಷ ತನ್ನದು ಮತ್ತೆ ತನ್ನಲ್ಲಿಗೆ ಬರಬೇಕು.

ಇಬ್ಬರೂ ಎದುರುಬದುರು ಕೂತರು. ಟವಲ್ಲು ಬಿತ್ತು. ಸಾಹುಕಾರ ಬಲಗೈ ಒಳಗೆ ತೂರಿಸಿದ. ತಣ್ಣಗಿನ ಕಬ್ಬಿಣ ತಾಗುತ್ತದೆ ಎಂದು ಕಾದ. ಏನೂ ತಾಗಲಿಲ್ಲ. ತಾಗಿದರೂ ಗೊತ್ತಾಗುತ್ತಿರಲಿಲ್ಲವೇನೋ, ಜೋಮು ಇನ್ನೂ ಬಿಟ್ಟಿರಲಿಲ್ಲ. ಕಿರಿಯವನು ಮುಂದಕ್ಕೆ ಬಾಗಿದ. ಸಂತೆಗೆ ಕೇಳುವಂತೆ, “ನಿಮ್ಮ ಕಡೆ ಮಳಿ ಹೆಂಗೈತ್ರಿ?” ಎಂದ. ಆಮೇಲೆ ತುಟಿ ಅಲುಗದಂತೆ ಸಣ್ಣ ದನಿಯಲ್ಲಿ ಹೇಳಿದ: “ಸಾವಕಾರ್ರ, ಎಡಗೈ ಕೊಡ್ರಿ.”

“ಏನಂದಿ?”

“ಎಡಗೈ. ನಂದೂ ಎಡಗೈನ ಒಳಗೈತಿ.”

“ಮಷಿನ್ ಕೈ?”

“ಅದೂ ಟವಲ್ ಮರೀಗೇ, ತೊಡಿ ಮ್ಯಾಲೆ ಸುಮ್ಕ ಕುಂತೈತ್ರಿ. ಅದಕ್ಕ ಏನ್ ತಿಳೀತೈತಿ? ಎರಡ ಬೆರಳ ಹಿಡದೈತೋ ಮೂರ ಹಿಡದೈತೋ ಕಣ್ಣಿಲೆ ನೋಡಬೇಕು. ಟವಲ್ ಒಳಗ ಹೆಂಗ ನೋಡ್ಲಿ?”

“ಹಂಗಾರ ಇಷ್ಟ ದಿನ?”

“ಇಷ್ಟ ದಿನಾನೂ ಎಡಗೈಲೇರಿ. ಮೊದಲನೇ ದಿನ ಎದುರಿಗೆ ಕುಂತಿದ್ದ ಮುದುಕ ದಲಾಲ ಕಾಕಾನ ಬೆರಳ ಈ ಮಷಿನ್ನಿಲೆ ಹಿಚುಕಿಬಿಟ್ಟೆ. ಕಾಕಾ ಚೀರಲಿಲ್ಲ. ‘ಎಡಗೈ ತಾ’ ಅಂದ. ಅಪಶಕುನ ಅಲ್ಲೇನೋ ಕಾಕಾ ಅಂದೆ. ‘ಟವಲ್ ಒಳಗ ಶಕುನ ನೋಡಾಕ ಯಾಂವ ಬರ್ತಾನ?’ ಅಂದ. ಕಾಕಾ ಕಲ್ತ, ಆಮ್ಯಾಲೆ ಉಳದಾವ್ರೂ ಕಲ್ತ್ರು. ಒಬ್ಬರಂತೂ ಮನ್ಯಾಗ ಹೆಂಡ್ತಿ ಕೈ ಹಿಡದು ರೂಢಿ ಮಾಡ್ಕೊಂಡಾರ್ರಿ, ಆಕಿ ಅಂಜಿಬಿಟ್ಟಿದ್ಲಂತ.”

“ಎಲ್ಲಾರೂ?”

“ಎಲ್ಲಾರೂ. ನೀವೊಬ್ರ ನನ್ನ ಮುಂದ ಕುಂತಿದ್ದಿಲ್ಲ.”

ಈಗ ನೋಡಿ. ಸಂತೆಯಲ್ಲಿ ಟವಲ್ಲು ಹಾಕುವುದು ಯಾರಿಗೆ ಕಾಣದಿರಲಿ ಎಂದು? ಸುತ್ತ ನಿಂತ ಜನರಿಗೆ. ಕೈ ಹಿಡಿದವನಿಗೆ ಮರೆ ಮಾಡಲು ಅಲ್ಲ. ಕೈ ಹಿಡಿದವನಿಗೆ ಕೈ ತಿಳಿಯಬೇಕು, ಇಲ್ಲದಿದ್ದರೆ ವ್ಯವಹಾರವೇ ಇಲ್ಲ. ಹುಟ್ಟಿದಾಗಿನಿಂದ ಈ ಕೆಲಸ ಮಾಡಿದ ಮನುಷ್ಯನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಿಚ್ಚು ಮರೆಸಿತ್ತು. ಇಲ್ಲದ ಬಲಕ್ಕೆ ಅಸೂಯೆಪಟ್ಟು ಇದ್ದ ಬಲವನ್ನು ಕೊಟ್ಟು ಬಂದಿದ್ದ.

ಟವಲ್ಲಿನ ಕೆಳಗೆ ಕೈ ಬದಲಾಯಿಸಿದ. ಎಡಗೈಗೆ ಬಿಲ್ಲೆ ಇರಲಿಲ್ಲ. ಅದು ತೊಯ್ದು ತೊಪ್ಪೆಯಾಗಿತ್ತು. ಕಿರಿಯವನು ಹಿಡಿದ ಕ್ಷಣಕ್ಕೆ ಎಲ್ಲ ತಿಳಿದುಕೊಂಡ. ಎತ್ತಿನ ಬೆಲೆ ಎಷ್ಟರವರೆಗೆ ಬರುತ್ತದೆ ಎಂಬುದು ತಿಳಿಯಿತು. ಇಷ್ಟು ದಿನ ಸಂತೆಯ ಆ ತುದಿಯಿಂದ ಬರುತ್ತಿದ್ದ ನೋಟ ಏನೆಂಬುದೂ ತಿಳಿಯಿತು.

“ಕೈ ಬಾಳ ತೊಯ್ದೈತ್ರಿ ಸಾವಕಾರ್ರ.”

“ಬಿಸಲು,” ಎಂದ ಸಾಹುಕಾರ.

ಕಿರಿಯವನು ಕರಗಿದ, ಕೈ ಸಡಿಲ ಬಿಟ್ಟ ಎಂದು ನಾನು ಹೇಳಿದರೆ ನೀವು ಚಪ್ಪಾಳೆ ತಟ್ಟುತ್ತೀರಿ. ಅವನು ಹಾಗೆ ಮಾಡಲಿಲ್ಲ. ಅವನು ದಲ್ಲಾಳಿ, ಅವನ ಬೆನ್ನ ಹಿಂದೆ ಅವನನ್ನು ನಂಬಿದ ರೈತ ನಿಂತಿದ್ದ. ಎಷ್ಟು ಎಳೆಯಬಹುದೋ ಅಷ್ಟು ಎಳೆದ. ವ್ಯವಹಾರ ಮುಗಿಯಿತು. ಸಾಹುಕಾರ ಕಾಲಿಗೆ ಬಿದ್ದು ಕ್ಷಮೆ ಕೇಳಿದ ಎಂದರೂ ನಿಮಗೆ ಹಿತವಾಗುತ್ತದೆ. ಅವನೂ ಹಾಗೆ ಮಾಡಲಿಲ್ಲ. ಧೂಳು ಕೊಡವಿಕೊಂಡು ಎದ್ದು ಮನೆಗೆ ಹೋದ.

ದಾರಿಯುದ್ದಕ್ಕೂ ಉರಿಯುತ್ತಲೇ ಹೋದ. ಈಗ ಯಾವುದರ ಮೇಲೆ? ಮಷಿನ್ನಿನ ಮೇಲಲ್ಲ. ಅದು ತೊಡೆಯ ಮೇಲೆ ಸುಮ್ಮನೆ ಕೂತಿತ್ತು ಎಂದು ತಿಳಿದ ಮೇಲೆ ಅದರ ಮೇಲೆ ಏನು ಕಿಚ್ಚು? ಒಬ್ಬನಿಗಾಗಿ ಸಂತೆಯ ಹಿರಿಯರೆಲ್ಲ ನರೆತ ವಯಸ್ಸಿನಲ್ಲಿ ತಮ್ಮ ಎಡಗೈಗೆ ಲೆಕ್ಕ ಕಲಿಸಿದ್ದರಲ್ಲ, ಶಕುನ ಬಿಟ್ಟಿದ್ದರಲ್ಲ, ಯಾರಿಗೂ ಹೇಳದೆ ಅವನ ಮಾನ ಟವಲ್ಲಿನ ಕೆಳಗೆ ಕಾಯ್ದಿದ್ದರಲ್ಲ, ಅದರ ಮೇಲೆ. ಇಷ್ಟು ದಿನ ಪಟ್ಟ ಕಿಚ್ಚು ಇದರ ಮುಂದೆ ಏನೂ ಅಲ್ಲ. ಇದನ್ನು ಯಾವ ಗಾಜಿನ ಕಟ್ಟಡಕ್ಕೆ ಹೋಗಿ ಹಾಕಿಸಿಕೊಳ್ಳುವುದು?

ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ಹೆಂಡತಿ ನೀರು ತಂದಳು. ಬಲಗೈ ಚಾಚಿದ, ತಂಬಿಗೆಯ ತಂಪು ಬೆರಳಿಗೆ ತಿಳಿಯಲಿಲ್ಲ. ಸಂತೆಯಲ್ಲಿ ನಡೆದದ್ದನ್ನೆಲ್ಲ ಹೇಳಿದ. ಕೊನೆಗೆ ಕೇಳಿದ:

“ನನ್ನ ಕೈ ಹೋಗಿದ್ರ, ಯಾರರೆ ನನಗ ಅಂತ ಎಡಗೈ ಕಲೀತಿದ್ರೇನ?”

ಹೆಂಡತಿ ಖಾಲಿ ತಂಬಿಗೆ ಎತ್ತಿಕೊಂಡಳು. “ಕಲೀತಿದ್ರೋ ಇಲ್ಲೋ ನನಗ್ಗೊತ್ತಿಲ್ರಿ. ನೀವು ಕಲ್ತಿರಲಿಲ್ಲಲ್ಲ, ಅದೊಂದ ಗೊತ್ತೈತಿ.”

ಕಥೆ ಇಲ್ಲಿಗೆ ಬಿಟ್ಟೆ. ಈಗ ನಿಮ್ಮ ಕಡೆ ಬರುತ್ತೇನೆ.

ಮೈಯೊಳಗೆ ಯಂತ್ರ ಕೂಡಿಸುವುದು ಪಾಪ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವ ಸ್ವಾಮಿಗಳಿದ್ದಾರೆ, ಅವರೂ ಕಣ್ಣಿನ ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡಿದ್ದಾರೆ. ಈ ಮುಂದಿನ ಸಾಲಿನಲ್ಲೇ ಎಷ್ಟು ಜನ ಹಾಕಿಸಿಕೊಂಡಿದ್ದೀರಿ, ಎಷ್ಟು ಜನರ ಎದೆಯಲ್ಲಿ ಪೇಸ್‌ಮೇಕರ್ ಇದೆ, ಮೊಣಕಾಲಲ್ಲಿ ಲೋಹ ಇದೆ? ಹುಟ್ಟಾ ಕಿವುಡ ಮಗುವಿನ ಕಿವಿಯೊಳಗೆ ಯಂತ್ರ ಇಟ್ಟು ಅದು ಅವ್ವನ ದನಿ ಕೇಳುವಂತೆ ಮಾಡಿದ್ದಾರೆ. ಕೈಕಾಲು ಬಿದ್ದುಹೋದವನ ಮಿದುಳಿಗೆ ಚಿಪ್ ಇಟ್ಟು, ಅವನು ಮನಸ್ಸಿನಲ್ಲಿ ಅಂದುಕೊಂಡದ್ದು ಪರದೆಯ ಮೇಲೆ ಅಕ್ಷರವಾಗುವಂತೆ ಮಾಡಿದ್ದಾರೆ. ಇದು ಇವತ್ತಿನ ಸ್ಥಿತಿ. ಇದನ್ನು ಬೈಯುವವನಿಗೆ ಮೊದಲು ಮಾತು ನಿಂತುಹೋಗಲಿ, ಆಮೇಲೆ ಬೈಯಲಿ.

ಮುಂದೇನು ಎಂದು ಕೇಳಿದಿರಿ. ಭವಿಷ್ಯ ಹೇಳುವ ವಿದ್ಯೆ ನನ್ನಲ್ಲಿಲ್ಲ, ಆದರೆ ಅಂಗಡಿಯ ಬುದ್ಧಿ ಯಾರಿಗೆ ತಿಳಿಯದು? ಕಾಯಿಲೆ ಇದ್ದವರಿಗೆ ಮಾಡಿದ ಸರಕನ್ನು ಕಾಯಿಲೆ ಇಲ್ಲದವರಿಗೂ ಮಾರಬೇಕು. ಕಾಯಿಲೆ ಇದ್ದವರು ಲೆಕ್ಕಕ್ಕೆ ಸಿಗುವಷ್ಟು. ಹೊಟ್ಟೆಕಿಚ್ಚು ಇದ್ದವರು? ಈ ಮಂಟಪ ತುಂಬಿ ಹೊರಗೂ ನಿಂತಿದ್ದಾರೆ. ಪಕ್ಕದ ಮನೆಯ ಮಗುವಿನ ನೆನಪಿನ ಶಕ್ತಿಗೆ ಏನೋ ಹಾಕಿಸಿದ್ದಾರಂತೆ ಎಂದರೆ ನಿಮ್ಮ ಮನೆಯಲ್ಲಿ ಒಲೆ ಹತ್ತುತ್ತದೆಯೇ? ಬೀಗರು ನೂರ ಇಪ್ಪತ್ತು ವರ್ಷ ಬದುಕುವ ಔಷಧಿ ತೆಗೆದುಕೊಂಡರು ಎಂದರೆ ನೀವು ಎಂಬತ್ತಕ್ಕೆ ನೆಮ್ಮದಿಯಿಂದ ಕಣ್ಣು ಮುಚ್ಚುತ್ತೀರಾ? ಸಾವಿಗೆ ನೀವು ಅಷ್ಟು ಹೆದರುವುದಿಲ್ಲ. ನಿಮಗಿಂತ ಮೊದಲು ಅವನು ಸಾಯಲಿಲ್ಲವಲ್ಲ ಎಂಬುದು ನಿಮ್ಮ ಸಂಕಟ. ಆ ಸಂಕಟ ಇರುವವರೆಗೆ ಗಾಜಿನ ಕಟ್ಟಡಕ್ಕೆ ಬಾಗಿಲು ಮುಚ್ಚುವ ಭಯವಿಲ್ಲ. ಮುಚ್ಚಿದರೂ ನಷ್ಟ ಅವರಿಗಲ್ಲ. ಹೊರದೇಶದಲ್ಲಿ ಕುರುಡರ ಕಣ್ಣೊಳಗೆ ಯಂತ್ರ ಇಟ್ಟ ಒಂದು ಕಂಪನಿ ಆ ಕೆಲಸವನ್ನೇ ಕೈಬಿಟ್ಟಿತು, ಯಂತ್ರ ಕೆಟ್ಟರೆ ರಿಪೇರಿಗೆ ದಿಕ್ಕಿಲ್ಲದಂತಾಯಿತು. ಅವರಾದರೂ ನಿಜವಾಗಿ ಕಾಣದವರು. ಕಾಣುವ ಕಣ್ಣಿಗೆ ಹಾಕಿಸಿಕೊಂಡವನು ಯಾರ ಹತ್ತಿರ ಹೋಗಿ ಅಳಬೇಕು?

ಇದೆಲ್ಲ ದೂರದ ಮಾತು, ನಮಗೇನು ಎನ್ನಬೇಡಿ. ಅಂಗವಿಕಲರ ಬಸ್ ಪಾಸ್ ನೋಡಿ ‘ಇವರದ ಆರಾಮ್ ಬಿಡ್ರಿ’ ಎಂದವರು ಇಲ್ಲಿ ಕೈ ಎತ್ತಿ. ಯಾರೂ ಎತ್ತುವುದಿಲ್ಲ, ನನಗೆ ಗೊತ್ತು. ಮೂರು ಚಕ್ರದ ಗಾಡಿ ಸಿಕ್ಕವನನ್ನು ನೋಡಿ ‘ಕಾಲಿಲ್ದಿದ್ರ ಏನಾತು, ಗಾಡಿ ಐತಲ್ಲ’ ಎಂದವರು? ಇದೇ ಊರಿನ ಹಿಟ್ಟಿನ ಗಿರಣಿಗೆ ಬರುವ ಹುಡುಗಿಯ ಕಿವಿಯ ಯಂತ್ರ ನೋಡಿ ಒಬ್ಬ ತಾಯಿ ಹೇಳಿದರಂತೆ, ‘ಪುಣ್ಯಾ ಮಾಡ್ಯಾಳ, ಅತ್ತಿ ಬೈದ್ರ ಬಂದ್ ಮಾಡ್ಕೋಬಹುದು’ ಎಂದು. ನಕ್ಕಿರಲ್ಲ, ಅದೇ ಸಾಹುಕಾರನ ನಗು. ಹಲ್ಲು ಕಾಣುತ್ತದೆ, ಒಳಗೆ ಚುಚ್ಚುತ್ತದೆ.

ಹಾಗಾದರೆ ಏನು ಮಾಡಬೇಕು? ನಾಳೆಯಿಂದ ಮಾಡಬೇಕಾದ್ದನ್ನು ಹೇಳುತ್ತೇನೆ. ಯಾರ ಹತ್ತಿರವಾದರೂ ಹೊಸ ಬಲ ಕಂಡಾಗ, ಅದು ಕಿವಿಯ ಯಂತ್ರವಿರಲಿ, ಮಗನ ಅಂಕಪಟ್ಟಿಯಿರಲಿ, ‘ನನಗೆ ಯಾಕಿಲ್ಲ’ ಎಂಬ ಮಾತು ಬಂದರೆ ಬಾಯಿ ಮುಚ್ಚಿ ಅವರ ಹತ್ತಿರ ಹೋಗಿ ಕೂರಿ. ದೂರದಿಂದ ನೋಡಬೇಡಿ. ಹೊಟ್ಟೆಕಿಚ್ಚು ದೂರದಲ್ಲಿ ಬೆಳೆಯುತ್ತದೆ. ಹತ್ತಿರ ಕೂತರೆ ಆ ಯಂತ್ರ ಅವರಿಗೆ ಎಲ್ಲಿ ಕೈ ಕೊಡುತ್ತದೆ ಎಂಬುದು ತಿಳಿಯುತ್ತದೆ. ಎಲ್ಲಿ ಕೈ ಕೊಡುತ್ತದೆಯೋ ಅಲ್ಲಿ ನಿಮ್ಮ ಕೆಲಸ ಇದೆ. ನಿಮ್ಮ ಮಕ್ಕಳಿಗೆ ಇದನ್ನೇ ಕಲಿಸಿ. ತರಗತಿಯಲ್ಲಿ ಅವರಿಗಿಂತ ಮುಂದೆ ಯಾರಿದ್ದಾರೆ ಎಂದು ಕೇಳುವುದನ್ನು ಬಿಡಿ. ಅವರು ಇವತ್ತು ಯಾರಿಗಾಗಿ ತಮ್ಮ ರೂಢಿ ಬದಲಿಸಿಕೊಂಡರು ಎಂದು ಕೇಳಿ. ಉತ್ತರ ಬರದಿದ್ದರೆ ಹೊಡೆಯಬೇಡಿ, ಅವರು ನಿಮ್ಮನ್ನು ನೋಡಿ ಕಲಿತವರು.

ಗಿರಣಿಯ ಆ ಹುಡುಗಿಯನ್ನೇ ತೆಗೆದುಕೊಳ್ಳಿ. ಗಿರಣಿ ಓಡುವಾಗ ಅವಳ ಯಂತ್ರಕ್ಕೆ ಬರೀ ಸದ್ದು ಕೇಳುತ್ತದೆ, ನಿಮ್ಮ ಮಾತು 
ಕೇಳುವುದಿಲ್ಲ. ನೀವು ಬೆನ್ನ ಹಿಂದಿನಿಂದ ಕೂಗುತ್ತೀರಿ, ಅವಳು ತಿರುಗುವುದಿಲ್ಲ, ‘ಸೊಕ್ಕು ನೋಡು’ ಎನ್ನುತ್ತೀರಿ. ನಾಳೆ ಜೋಳ ಬೀಸಿಸಲು ಹೋದಾಗ ಅವಳಿದ್ದರೆ, ಡಬ್ಬಿ ಸಾಲಿನಲ್ಲಿಟ್ಟು ಅವಳ ಎದುರಿಗೆ ಹೋಗಿ ನಿಲ್ಲಿ. ನಿಮ್ಮ ಬಾಯಿ ಅವಳಿಗೆ ಕಾಣಲಿ. ನಿಧಾನ ಮಾತಾಡಿ, ಅವಳ ಹೆಸರು ಕೇಳಿ. ಈ ಮಂಟಪದಲ್ಲಿ ಅವಳನ್ನು ದಿನಾ ನೋಡುವವರು ಇಷ್ಟು ಜನ ಇದ್ದೀರಿ, ನಾನು ವಿಚಾರಿಸಿದಾಗ ಒಬ್ಬರಿಗೂ ಅವಳ ಹೆಸರು ಗೊತ್ತಿರಲಿಲ್ಲ. ತಿಳಿದುಕೊಂಡು ಬನ್ನಿ. ಮನುಷ್ಯ ಮುಂದೆ ಏನಾಗುತ್ತಾನೆ ಎಂಬುದನ್ನು ಆಮೇಲೆ ಮಾತಾಡೋಣ.